ಪುಕ್ಕಲು ಕರಡಿಯ ನಡಿಗೆ

10 ನವೆಂಬರ್, ಸೋಮವಾರ. ಬೆಳಿಗ್ಗೆ 10

ನಾನು ಅನಿಮೇಷನ್ ಮಾಡಿ ಕಳಿಸಿದ ಕರಡಿಯ ನಡಿಗೆ ಮೂರನೇ ಸಲ ವಾಪಸ್. ಕಾರ್ಟೂನಿನಲ್ಲಿ ಅದು ದೊಡ್ಡ ಮೈಯ ಪುಕ್ಕಲು. ಕಣ್ಣು ಅಗಲಿಸಿದ್ದೆ, ತುಟಿ ನಡುಗಿಸಿದ್ದೆ. ಹುಬ್ಬಳ್ಳಿ ಸ್ಟುಡಿಯೋದಿಂದ ಮಹಾಬಳೇಶ್ವರ ಸರ್ ಫೋನು: "ಸುವರ್ಣಾ, ಮುಖ ಬಿಡ್ರಿ. ಬೆನ್ನು ನೋಡಿದ್ರೂ ಅದು ಅಂಜೇತಿ ಅಂತ ಗೊತ್ತಾಗಬೇಕು. ಬುಧವಾರ ಕಡೀ ದಿನ."

ಕೂತಲ್ಲಿ ಕೂರಲಾಗುತ್ತಿಲ್ಲ. ಕನ್ನಡಿ ಮುಂದೆ ನಾನೇ ಕರಡಿಯಾಗಿ ನಡೆದೆ. ಸುಳ್ಳು ಅನ್ನಿಸಿತು. ಅವ್ವ ನಕ್ಕಳು. ಸುಮಿತಕ್ಕ ನಗಲಿಲ್ಲ. ಮುಂಡಗೋಡದ ಗಂಡನ ಮನೆಯಿಂದ ಹಳಿಯಾಳಕ್ಕೆ ಬಂದು ಎಂಟು ದಿನ. "ಸುಮ್ನ ಬಂದೇನಿ" ಅಂತಾಳೆ.

11, ಮಂಗಳವಾರ. ಮಧ್ಯಾಹ್ನ

ನಿಜವಾದ ನಡಿಗೆ ನೋಡಲೆಂದು ಅಕ್ಕನಿಗೆ ಹಾಲ್‌ನಲ್ಲಿ ನಡೆ ಅಂದೆ, ಮೊಬೈಲ್‌ನಲ್ಲಿ ಹಿಡಿದೆ. ಶಾಲೆಯಲ್ಲಿ ಖೋ-ಖೋ ಕ್ಯಾಪ್ಟನ್ ಇದ್ದವಳು. ಓಣಿ ತನ್ನದೇ ಅನ್ನುವ ಹಾಗೆ ನಡೆಯುತ್ತಿದ್ದಳು. ಈಗ ಗೋಡೆಯ ಅಂಚಿಗೇ... ನಡುವೆ ಹೊರಗೆ ಯಾರದೋ ಬುಲೆಟ್ ಹೋಯಿತು.

ಆಮೇಲೆ ಒಂದೊಂದೇ ಫ್ರೇಮ್ ನೋಡಿದೆ. ಬೈಕಿನ ಸದ್ದಿಗೆ ಎಡ ಭುಜ ಕಿವಿಯತನಕ. ಮೊಣಕೈ ಪಕ್ಕೆಗೆ. ಗದ್ದ ಎದೆಗೆ. ಎಲ್ಲಾ ಅರ್ಧ ಸೆಕೆಂಡು. ಮತ್ತೆ ಏನೂ ಆಗದವಳಂತೆ ನಡೆದಿದ್ದಾಳೆ.

ದುಂಡೇಶ ಭಾವನದೂ ಬುಲೆಟ್ಟೇ.

ಕೇಳಬೇಕಿತ್ತು. ಕೇಳಲಿಲ್ಲ. ಅದನ್ನೇ ಕರಡಿಯ ಮೈಗೆ ಇಳಿಸಿದೆ.

12, ಬುಧವಾರ

ಕರಡಿ ಓಕೆ ಆಯಿತು. "ಎಲ್ಲಿಂದ ತಂದ್ರಿ ಇದನ್ನ?" ಸರ್ ಖುಷಿಯಾಗಿ ಕೇಳಿದರು. ಏನೋ ಅಂದೆ.

15, ಶನಿವಾರ

ಇವತ್ತು ಕರಡಿಯನ್ನು ಅಕ್ಕನಿಗೆ ತೋರಿಸಿಬಿಟ್ಟೆ. ಎರಡು ಸಲ ನೋಡಿದಳು.

"ಎಡ ಭುಜ ಯಾಕ ಎತ್ತಿಸಿದಿ?"

"ನೀನ ಎತ್ತಿದ್ದಿ ಅಕ್ಕ. ವಿಡಿಯೋದಾಗ ಐತಿ."

ತನ್ನ ಎಡ ಭುಜ ಮುಟ್ಟಿಕೊಂಡಳು. "ಅವರು ಬಲಗೈಲೆ ಹೊಡೀತಾರ," ಅಂದಳು.

ಎರಡು ವರ್ಷದಿಂದಂತೆ. ಅವ್ವ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಅಕ್ಕನನ್ನು ಅಪ್ಪಿ ಹಿಡಿದಳು.

"ಕರಡಿಯಿಂದ ತೆಗೆದುಬಿಡ್ಲೇನು?" ಅಂದೆ.

"ಇರ್ಲಿ. ಆದ್ರ ಮೊದ್ಲ ನನ್ನ ಕೇಳಬೇಕಿತ್ತು ನೀ."

ಹೌದು... ಮುಖ ಎತ್ತಲಾಗಲಿಲ್ಲ.

16, ರವಿವಾರ. ಸಂಜೆ

ಭಾವ ಕರೆದೊಯ್ಯಲು ಬಂದಿದ್ದ. ಬಾಗಿಲಲ್ಲೇ ಅವ್ವ, "ಸುಮಿತಾ ಬರೂದಿಲ್ಲರಿ."

"ಆಕಿ ಬಾಯಿಲೆ ಹೇಳ್ಲಿ."

ಅಕ್ಕ ಹೊರಗೆ ಬಂದಳು. ಭುಜ ಏರಿಯೇ ಇತ್ತು. ಇಳಿಯಲೇ ಇಲ್ಲ. ಹಾಗಿದ್ದೂ ಅವನ ಕಡೆಗೇ ಎರಡು ಹೆಜ್ಜೆ ಇಟ್ಟಳು. ಅಂಜಿದ ಮೈ ಮುಂದಕ್ಕೂ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ನಾ ಬರೂದಿಲ್ಲ. ನೀವು ಹೋಗ್ರಿ."

ಓಣಿಯ ಮಂದಿ ನಿಂತು ನೋಡುತ್ತಿದ್ದರು. ಹೋದ.

17, ಸೋಮವಾರ. 10.40

ವಕೀಲಬಾಯಿ ಹನ್ನೊಂದಕ್ಕೆ ಬರಹೇಳಿದ್ದಾರೆ. ಬೆಳಿಗ್ಗೆಯಿಂದ ಭಾವನ ಕಾಲ್ ಮೇಲೆ ಕಾಲ್. ಯಾರೂ ಎತ್ತಿಲ್ಲ. ಅಕ್ಕ ಎರಡು ಸಲ ಸೀರೆ ಬದಲಿಸಿದಳು, ಚಹಾ ಮುಟ್ಟಿಲ್ಲ. ಅವ್ವ ಮದುವೆ ಫೋಟೊ, ಆಧಾರ್ ಎಲ್ಲ ಒಂದೇ ಚೀಲಕ್ಕೆ ತುರುಕುತ್ತಿದ್ದಾಳೆ. ರಿಕ್ಷಾ ಬಂತು. ಅಕ್ಕ ಆಗಲೇ ಹತ್ತಿ ಕೂತು ಕೂಗುತ್ತಿದ್ದಾಳೆ, "ಬರಕೋತ ಕುಂದರಬ್ಯಾಡ ಸುವರ್ಣಾ, ಹೋಗೂಣು, ಲಗೂ—