ಉಸಿರು ಕಾಯುವ ಎದೆಪಟ್ಟಿ

ಭಾವನವರಿಗೆ ನಮಸ್ಕಾರ.

ವಿಶ್ವವಿದ್ಯಾಲಯದ ಸಂಶೋಧನೆಯನ್ನು ಮಾರುಕಟ್ಟೆಗೆ ತರಲು ಕಂಪನಿಗಳಿಗೆ ನೆರವಾಗುವುದೇ ನಮ್ಮ ಸರ್ಕಾರಿ ಕೇಂದ್ರದ ಕೆಲಸ. ನಿಮ್ಮ ಕಂಪನಿಯ ಎದೆಪಟ್ಟಿಯನ್ನೂ ಹಾಗೆಯೇ ಪರೀಕ್ಷಿಸಿದೆ. ಮಗುವಿನ ಉಸಿರು ನಿಂತರೆ ಅದು ಕೂಗಿಕೊಳ್ಳಬೇಕು. ಉಸಿರಾಡುವ ಪರೀಕ್ಷಾ ಗೊಂಬೆಯನ್ನು ಅಂಗಾತ ಮಲಗಿಸಿ ಉಸಿರು ನಿಲ್ಲಿಸಿದಾಗ ಪಟ್ಟಿ ಕೂಗಿತು, ಬೋರಲು ಹಾಕಿ ನಿಲ್ಲಿಸಿದಾಗ ತೆಪ್ಪಗಿತ್ತು. ಸಂಶೋಧಕರು ಬೆನ್ನಿನ ಕಡೆಗೂ ಇಟ್ಟಿದ್ದ ಸೆನ್ಸರನ್ನು ನೀವು ಖರ್ಚು ಉಳಿಸಲು ತೆಗೆದಿದ್ದೀರಿ.

ನಿನ್ನೆ ಫೋನಿನಲ್ಲಿ ನೀವು, "ನಮ್ಮ ಮನೆ ಹುಡುಗಿಯಾಗಿ, ಪಟ್ಟಿ ಸರಿಯಿದೆ ಅಂತ ಒಂದು ಸಹಿ ಹಾಕೋಕೆ ಆಗಲ್ವೇನಮ್ಮಾ? ಆಮೇಲೆ ಸರಿ ಮಾಡ್ತೀವಿ" ಅಂದಿರಿ. ಇಂದು ಬೆಳಿಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ನಮ್ಮ ಕೇಂದ್ರದ ನಿರ್ದೇಶಕರಿಗೆ ಕೊಟ್ಟೆ.

ಅಲ್ಲಿಂದ ನೇರ ನಿಮ್ಮ ಮನೆಗೆ ಹೋದೆ. ಪಾಪು ಬೋರಲಾಗಿ ನಿದ್ದೆಹೋಗಿತ್ತು. ಎದೆಗೆ ನೀವೇ ಕಟ್ಟಿದ ಅದೇ ಪಟ್ಟಿ. ಅಕ್ಕ ಅಡುಗೆಮನೆಯಿಂದಲೇ, "ಆ ಪಟ್ಟಿ ಬಂದ ಮೇಲೆ ನಾನೂ ಕಣ್ತುಂಬ ನಿದ್ದೆ ಮಾಡ್ತೀನಿ ಕಣೇ" ಎಂದಳು. ಪಾಪುವನ್ನು ಹೊರಳಿಸಿ, ಮೂಗಿನ ಬಳಿ ಬೆರಳಿಟ್ಟು ನೋಡಿದೆ. ಉಸಿರಾಡುತ್ತಿತ್ತು. ಆಮೇಲೇ ಪಟ್ಟಿ ಬಿಚ್ಚಲು ಕೈ ಬಂತು. ಮತ್ತೆ ಪರೀಕ್ಷೆಗೆ ಬೇಕು ಎಂದಷ್ಟೇ ಹೇಳಿ ತಂದಿದ್ದೇನೆ.

ಇಂದು ದಯವಿಟ್ಟು ಬೇಗ ಮನೆಗೆ ಹೋಗಿ. ಅದನ್ನು ಯಾಕೆ ಬಿಚ್ಚಿದೆ ಎಂದು ಅಕ್ಕನಿಗೆ ನೀವೇ ಹೇಳಿ. ನೀವು ಹೇಳದಿದ್ದರೆ ನಾಳೆ ನಾನು ಹೇಳಬೇಕಾಗುತ್ತದೆ.

ಇತಿ,
ನಿಮ್ಮ ನಾದಿನಿ