ವಿಸಿಟರ್ ವೀಸಾ ಸಾಕಂತೆ

ಮಂಗಳವಾರ, ಮಾರ್ಚ್ ೧೨

ಸಿಟ್ಟು ಇನ್ನೂ ಇಳಿದಿಲ್ಲ. ಈ ವಯಸ್ಸಿನಲ್ಲಿ ಮರುಮದುವೆಯಾಗಿ, ನನ್ನ ಕೈಹಿಡಿಯುವವರು ಇರುವ ದೇಶಕ್ಕೆ ಹೋಗಲು ಯಾವ ವೀಸಾ ಬೇಕೆಂದು ಕೇಳಿದವಳು ನಾನು. ಏಜೆಂಟ್ ಉತ್ತರ ಹೇಳಿದ್ದೆಲ್ಲ ಪಕ್ಕದಲ್ಲಿ ಕೂತ ನನ್ನ ಮಗನಿಗೆ. "ಸರ್, ಇಲ್ಲೇ ಮದುವೆ ರಿಜಿಸ್ಟರ್ ಆದ್ರೆ ಸಂಗಾತಿ ವೀಸಾ. ಅಲ್ಲಿ ಹೋಗಿ ಆಗೋದಾದ್ರೆ ಅದಕ್ಕೆ ಬೇರೆ ಇದೆ. ಯಾವುದು ಮಾಡೋಣ?" ನಾನೇನು ಇವನ ಸೂಟ್‌ಕೇಸೇ?

ಮಗರಾಯ ಗಂಟಲು ಸರಿಮಾಡಿಕೊಂಡ. "ವಿಸಿಟರ್ ವೀಸಾ ಸಾಕು. ಅಮ್ಮ ಆರು ತಿಂಗಳು ಇದ್ದು ಬರ್ಲಿ. ಮದುವೆ ಗಿದುವೆ ಅಂದ್ರೆ ನಾಲ್ಕು ಜನ ಏನಂತಾರೆ?"

ಮೈಯೆಲ್ಲ ಉರಿದುಹೋಯಿತು. ಅವನಪ್ಪ ತೀರಿಕೊಂಡ ಮೇಲೆ ಶಾಲೆಯ ಬಸ್ ಓಡಿಸಿ ಇವನನ್ನು ಸಾಕಿದೆನಲ್ಲ, ಆಗ ಆ ನಾಲ್ಕು ಜನ ಎಲ್ಲಿ ಹೋಗಿದ್ದರು?

"ಕದ್ದುಮುಚ್ಚಿ ಹೋಗೋಕೆ ನಾನೇನು ಕಳ್ಳಿಯೇನೋ?" ಎಂದೆ. ಏಜೆಂಟನನ್ನೂ ಬಿಡಲಿಲ್ಲ. "ಸಂಗಾತಿ ವೀಸಾನೇ ಮಾಡಿ. ಮದುವೆ ಆಗೋಳು ನಾನು, ನನ್ನ ಮುಖ ನೋಡಿ ಮಾತಾಡಿ."

ಮನೆಗೆ ಬಂದವನೇ ಮಗ, ಮದುವೆ ರಿಜಿಸ್ಟರ್ ಮಾಡುವಾಗ ಸಾಕ್ಷಿ ಸಹಿ ಹಾಕುವುದಿಲ್ಲ ಎಂದು ಕೂಗಾಡಿದ. ಇಸ್ತ್ರಿ ಮಾಡುತ್ತಿದ್ದ ಸೊಸೆ ತಲೆಯೆತ್ತಲೂ ಇಲ್ಲ. "ಬಿಡಿ ಅತ್ತೆ, ನಾನು ಹಾಕ್ತೀನಿ. ಯಾವತ್ತು ಅಂತ ಹೇಳಿ, ರಜ ತಗೋತೀನಿ."

ಅವರಿಗೆ ಫೋನ್ ಮಾಡಿದರೆ, "ಮಗನ ಮನಸ್ಸು ನೋಯಿಸ್ಬೇಡ, ನಾನು ಬರೋದನ್ನ ಸ್ವಲ್ಪ ಮುಂದಕ್ಕೆ ಹಾಕ್ತೀನಿ" ಎನ್ನುತ್ತಾರೆ! "ಸುಮ್ನೆ ಟಿಕೆಟ್ ತಗೊಂಡು ಬನ್ನಿ" ಎಂದು ಅವರ ಮೇಲೂ ರೇಗಿದೆ.

ಮಗ ಉಣ್ಣದೆ ಮಲಗಿದ್ದಾನೆ. ಮಲಗಲಿ, ನಾನು ಕರೆಯುವುದಿಲ್ಲ. ಹೊಟ್ಟೆ ಚುರುಗುಟ್ಟಿದರೆ ತಾನೇ ಏಳುತ್ತಾನೆ. ಊಟವೇನೋ ಮುಚ್ಚಿಟ್ಟಿದ್ದೇನೆ, ಆದರೆ ಈ ಸಲ ಎದ್ದು ಬಡಿಸುವುದಕ್ಕೆ ನಾನು ಹೋಗುವುದಿಲ್ಲ.