ಜಲಪಾತದ ಎದುರು ಆಡಿದ ಮಾತು

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ,

ಮೊದಲು ನಿನ್ನ ಮಂಡಿಯ ಕ್ಷೇಮ ಕೇಳಿ ಆಮೇಲೆ ನಿನ್ನ ಕ್ಷೇಮ ಕೇಳುತ್ತೇನೆ. ಮಂಡಿ ಚೆನ್ನಾಗಿದ್ದರೆ ನೀನೂ ಚೆನ್ನಾಗಿರುತ್ತೀಯ, ನನಗೆ ಗೊತ್ತಿಲ್ಲವೇ? ಕಿವಿಗೆ ತಂದ ಹೊಸ ಮಷೀನನ್ನು ಬೀರುವಿನೊಳಗೆ ಒಡವೆಯ ಜೊತೆ ಇಟ್ಟಿದ್ದೀಯಂತೆ, ನಿನ್ನ ಸೊಸೆ ಹೇಳಿದಳು. ಅದು ಬೀರು ಬಿಟ್ಟು ಕಿವಿಗೆ ಬರುವವರೆಗೆ ನಿನಗೆ ಫೋನು ಮಾಡುವುದೂ ಗೋಡೆಗೆ ಫೋನು ಮಾಡುವುದೂ ಒಂದೇ. ಅದಕ್ಕೇ ಈ ಕಾಗದ. ಮಗ್ಗದ ಶೆಡ್ಡು ನಮಗೆ ಕೊಟ್ಟ ಪಿಂಚಣಿ ಅದೊಂದೇ ಅಲ್ಲವೇ, ಕಿವುಡು. ನಿನಗೆ ಪೂರ್ತಿ ಕೊಟ್ಟಿತು, ನನಗೆ ಅರ್ಧ.

ನಿನ್ನೆ ನಾನೂ ಇವರೂ ಜಲಪಾತ ನೋಡಲು ಹೋಗಿದ್ದೆವು. ನಗಬೇಡ. ವಾರವಿಡೀ ಬಸ್ಸು ಓಡಿಸಿ, ರಜೆಯ ದಿನ ರಸ್ತೆಯ ಮುಖ ಕಂಡರಾಗದೆ ಮುಸುಕು ಹಾಕಿ ಮಲಗುವ ಮನುಷ್ಯ, ತಾವಾಗಿಯೇ ರಜೆ ಹಾಕಿ ಬಂದು, ಬೆಟ್ಟದ ಮೇಲೆ ನೀರು ಬೀಳೋದನ್ನ ನೋಡ್ಕೊಂಡು ಬರೋಣ ನಡಿ ಅಂದರು. ಮದುವೆಯಾದಾಗಿನಿಂದ ಇವರು ನನ್ನನ್ನು ಕರೆದುಕೊಂಡು ಹೋದದ್ದು ಒಂದೋ ಆಸ್ಪತ್ರೆಗೆ, ಇಲ್ಲವೇ ಬೇರೆಯವರ ಮದುವೆಗೆ. ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಎಂದು ಕಿಟಕಿ ತೆಗೆದು ನೋಡಿದೆ. ಆದರೂ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ, ಫ್ಲಾಸ್ಕಿನಲ್ಲಿ ಟೀ ಎಲ್ಲ ತುಂಬಿಕೊಂಡು ಅವರಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದೆ.

ಬೆಟ್ಟದ ಬುಡದವರೆಗೆ ಬಸ್ಸಿನಲ್ಲಿ ಹೋದೆವು. ಇನ್ನೊಬ್ಬರು ಓಡಿಸುವ ಬಸ್ಸಿನಲ್ಲಿ ಇವರು ಕೂರುವ ಚೆಂದವನ್ನು ನೀನು ನೋಡಬೇಕಿತ್ತು. ತಿರುವು ಬಂದಾಗಲೆಲ್ಲ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆ ಡ್ರೈವರು ಗೇರು ಬದಲಿಸಿದ ಸದ್ದಿಗೆ ಇವರು ಹಲ್ಲು ಕಡಿದರು, ಪಾಪ ಆ ಗೇರ್‌ಬಾಕ್ಸೇನು ಇವರ ಮಾವನ ಮನೆಯದೇ ಎಂದು ನಾನು ರೇಗಿಸಿದೆ. ನಗಲಿಲ್ಲ. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ದಾರಿ ಹೊಳೆಯ ಪಕ್ಕದಲ್ಲೇ ಏರುತ್ತದೆ. ಮೊದಲು ಸಿಗುವುದು ಮಂಡಿಯೆತ್ತರದ ಪುಟ್ಟ ಧಾರೆ, ಆಮೇಲೆ ಆಳೆತ್ತರದ್ದು, ಹೀಗೆ ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಕೊನೆಯಲ್ಲಿ ಎಲ್ಲಕ್ಕೂ ತಾಯಿಯಂಥ ದೊಡ್ಡ ಜಲಪಾತ. ಮರದ ಮೆಟ್ಟಿಲುಗಳಿವೆ, ಜಾರುವ ಕಡೆ ಹಗ್ಗ ಕಟ್ಟಿದ್ದಾರೆ. ಬಂಡೆಗಳಿಗೆಲ್ಲ ಪಾಚಿಯ ಹಸಿರು. ಒಂದು ಕಡೆ ನೀರು ಚಪ್ಪಟೆ ಬಂಡೆಯ ಮೇಲೆ ಅಷ್ಟು ಒಂದೇ ಸಮನಾಗಿ ಇಳಿಯುತ್ತಿತ್ತು, ಒಂದೂ ಎಳೆ ಕಡಿಯದೆ ಮಗ್ಗದಿಂದ ಇಳಿಯುವ ಬಿಳಿ ಬಟ್ಟೆಯ ಹಾಗೆ. ನಿನ್ನ ನೆನಪಾಯಿತು. ನೀನಿದ್ದಿದ್ದರೆ ಅದರಲ್ಲೂ ಒಂದು ಗಂಟು ಹುಡುಕಿ ತೋರಿಸುತ್ತಿದ್ದೆ.

ಮುಖ್ಯ ಸಂಗತಿ ಇದು: ಮೊದಲ ಮೆಟ್ಟಿಲಿನಲ್ಲೇ ಇವರು ನನ್ನ ಕೈ ಹಿಡಿದುಕೊಂಡರು. ಜನರೆದುರಿಗೆ! ಮದುವೆಯ ಫೋಟೋದಲ್ಲೇ ನನ್ನಿಂದ ಒಂದು ಗೇಣು ದೂರ ನಿಂತವರು ಇವರು. ನನಗೆ ನಾಚಿಕೆಯೂ ಆಯಿತು, ಜಂಬವೂ ಬಂತು. ಎದುರಿಗೆ ಇಳಿದು ಬರುತ್ತಿದ್ದ ಹೊಸ ಜೋಡಿಯೊಂದು ನಮ್ಮನ್ನು ನೋಡಿ ನಕ್ಕಿತು, ಆ ಹುಡುಗಿಯ ಕಡೆ ನಾನು ತಲೆಯೆತ್ತಿಯೇ ನೋಡಿದೆ. ಈ ವಯಸ್ಸಿನಲ್ಲಿ ಇದೇನ್ರೀ ಅಂದರೆ, ನೀನು ಜಾರಿಬಿಟ್ಟರೆ ಅಡಿಗೆ ಯಾರು ಮಾಡೋರು ಅಂದರು. ಇವರ ಬಾಯಲ್ಲಿ ಇದಕ್ಕಿಂತ ದೊಡ್ಡ ಪ್ರೇಮದ ಮಾತನ್ನು ನಾನು ಎಂದೂ ಕೇಳಿದ್ದಿಲ್ಲ. ಆ ಸಂತೋಷದಲ್ಲಿ ನನ್ನ ಬುದ್ಧಿಗೆ ಮಂಕು ಕವಿದಿತ್ತು. ಇವರು ದಾರಿಯ ಎಡಕ್ಕಿದ್ದ ಕಂಬಕ್ಕೆ ಭುಜ ತಾಗಿಸಿಕೊಂಡರು. ಪಕ್ಕದಿಂದ ದಾಟುತ್ತಿದ್ದ ಮುದುಕರೊಬ್ಬರಿಗೆ ಡಿಕ್ಕಿ ಹೊಡೆದು ಕ್ಷಮೆ ಕೇಳಿದರು. ನಾನು ಕಿತ್ತಳೆಯ ತೊಳೆಯನ್ನು ಚಾಚಿ ಹಿಡಿದಿದ್ದರೂ ಇವರು ನೇರ ನೋಡುತ್ತಾ ನಿಂತೇ ಇದ್ದರು. ನೀರಿನ ಚೆಲುವಿನಲ್ಲಿ ಮೈಮರೆತಿದ್ದಾರೆ ಅಂದುಕೊಂಡೆ, ಅಕ್ಕ. ಇಷ್ಟು ದಡ್ಡಿ ನಿನ್ನ ತಂಗಿ.

ದೊಡ್ಡ ಜಲಪಾತದ ಎದುರಿಗೆ ಬಂದಾಗ ಮಾತೇ ಬೇಡವಾಯಿತು. ಏನು ಸದ್ದು ಅಂತೀಯ! ಎದೆಗೂಡೇ ನಡುಗುವಂಥ ಸದ್ದು. ಅಲ್ಲಿದ್ದವರೆಲ್ಲ ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕೂಗಿಕೊಂಡು, ಏನು ಏನು ಎಂದು ಕೇಳಿಕೊಂಡು ಸುಸ್ತಾಗಿದ್ದರು. ನನಗೆ ಮಾತ್ರ ತವರಿಗೆ ಬಂದಂತೆ ಅನ್ನಿಸಿತು. ಇಪ್ಪತ್ತು ವರ್ಷ ಅಂಥದೇ ಸದ್ದಿನಲ್ಲಿ ನಿಂತು, ನೀನು ಆ ತುದಿಯ ಮಗ್ಗದಿಂದ, ನಾನು ಈ ತುದಿಯಿಂದ, ಬರೀ ತುಟಿಯಲ್ಲೇ ಎಷ್ಟು ಮಾತಾಡಿಲ್ಲ ನಾವು! ಮೇಸ್ತ್ರಿಯ ಹೊಸ ಹಲ್ಲಿನ ಸೆಟ್ಟಿನಿಂದ ಹಿಡಿದು ನಿಮ್ಮತ್ತೆಯ ಬಾಯಿಯವರೆಗೆ ಎಲ್ಲ ಸುದ್ದಿಯೂ ಮಗ್ಗದ ಲಾಳಿಗಿಂತ ಜೋರಾಗಿ ಓಡಾಡುತ್ತಿತ್ತು. ತುಟಿ ಓದುವ ಈ ವಿದ್ಯೆಯನ್ನು ಮನೆಯ ಗಂಡಸರಿಗೆ ಹೇಳಬಾರದು ಎಂದು ಆಣೆ ಹಾಕಿಸಿದವಳು ನೀನೇ. ನಾನು ಇವತ್ತಿಗೂ ಹೇಳಿಲ್ಲ. ಇವರು ಫೋನಿನಲ್ಲಿ ಪಿಸುಗುಟ್ಟುವುದನ್ನು ಅಡಿಗೆಮನೆಯಿಂದಲೇ ಓದಿ, ಏನೂ ಗೊತ್ತಿಲ್ಲದವಳ ಹಾಗೆ ಪಾತ್ರೆ ತೊಳೆದಿದ್ದೇನೆ.

ನಾನು ಬೆಂಚಿನ ಮೇಲೆ ಕೂತು ಟೀ ಬಗ್ಗಿಸುತ್ತಿದ್ದೆ. ಇವರು ಸ್ವಲ್ಪ ಮುಂದೆ ಹೋಗಿ ಕಂಬಿ ಹಿಡಿದು ನಿಂತರು. ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ನನ್ನ ಕಡೆಗೆ ಅರ್ಧ ತಿರುಗಿ, ಕಣ್ಣು ಮಾತ್ರ ನೆಲದ ಮೇಲಿಟ್ಟು, ಮಾತಾಡತೊಡಗಿದರು. ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ ಮನುಷ್ಯ ಮಾತಾಡುವ ಹಾಗೆ.

ಪಕ್ಕದ್ದು ನನಗೆ ಕಾಣ್ತಿಲ್ಲ ಅಂದರು. ಎದುರಿಗಿರೋದು ಕಾಣುತ್ತೆ, ಎರಡೂ ಪಕ್ಕ ಕತ್ತಲೆ, ಎಡಗಡೆ ಜಾಸ್ತಿ. ಹೋದ ತಿಂಗಳು ಸ್ಟಾಪಿನಲ್ಲಿ ಒಂದು ಮಗು ಫುಟ್‌ಪಾತ್ ಇಳಿದು ಬಂದದ್ದು ಕಾಣಲಿಲ್ಲವಂತೆ. ಕಂಡಕ್ಟರು ಸೀಟಿ ಊದಿದ್ದಕ್ಕೆ ಬ್ರೇಕು ಒತ್ತಿದರಂತೆ. ಮಗು ಬಂಪರಿಗೆ ಕೈ ಊರಿ ನಿಂತಿತ್ತಂತೆ, ನಗುತ್ತಾ. ಅವತ್ತಿನಿಂದ ಆ ಕಂಡಕ್ಟರೇ ಮುಂದಿನ ಬಾಗಿಲಲ್ಲಿ ನಿಂತು ಎಡಗಡೆಯ ಕಣ್ಣಾಗಿದ್ದಾನೆ, ಯಾರಿಗೂ ಬಾಯಿ ಬಿಟ್ಟಿಲ್ಲ. ಈಗ ಅವನಿಗೆ ವರ್ಗವಾಗಿದೆ. ನಾಳಿದ್ದಿನಿಂದ ಹೊಸಬ ಬರ್ತಾನೆ ಅಂದರು. ಕಣ್ಣಿನ ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಬಂದಿದ್ದಾರೆ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ, ಬಸ್ಸು ಓಡಿಸೋದು ಬಿಡಿ ಎಂದು ಡಾಕ್ಟರು ಹೇಳಿದರಂತೆ. ಕೊನೆಯಲ್ಲಿ, ಬಸ್ಸು ಇಲ್ಲದಿದ್ರೆ ನಾನು ಯಾರು ಅಂದರು. ಅಷ್ಟು ಹೇಳಿ ಬಾಯಿ ಒರೆಸಿಕೊಂಡರು.

ಟೀ ಲೋಟ ತುಂಬಿ ನನ್ನ ಚಪ್ಪಲಿಯ ಮೇಲೆ ಸುರಿಯಿತು. ಅವರು ಹತ್ತಿರ ಬಂದಾಗ ನಾನು ಏನು ಮಾಡಿದೆ ಗೊತ್ತೇ? ಏನಂದ್ರಿ, ಈ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ ಎಂದು ಕೂಗಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನೀರು ಜೋರಾಗಿದೆ ಅಂದೆ ಎಂದರು. ಹೌದು, ಜೋರಾಗಿದೆ ಎಂದೆ. ಇಬ್ಬರೂ ಬ್ರೆಡ್ಡು ತಿಂದೆವು.

ಇಳಿಯುವಾಗಲೂ ಕೈ ಹಿಡಿದರು. ಆಗ ನನಗೆ ಎಷ್ಟು ಸಂಕಟವಾಯಿತು ಅಂತ ಬರೆಯಲಾರೆ. ಹತ್ತುವಾಗ ನಾನು ಜಂಬಪಟ್ಟೆನಲ್ಲ, ಇವರು ಹಿಡಿದದ್ದು ಹೆಂಡತಿಯ ಕೈಯನ್ನಲ್ಲ, ಊರುಗೋಲನ್ನು. ಇದನ್ನು ಓದಿ ನೀನು, ಅಯ್ಯೋ ಹುಚ್ಚಿ, ಗಂಡನ ಕಣ್ಣು ಹೋಗುತ್ತಿರುವಾಗ ಇದೊಂದು ದುಃಖವೇ ಎಂದು ಬೈಯುತ್ತೀಯ. ಬೈಯಿ. ಆದರೆ ಮೊದಲು ಬಂದದ್ದು ಆ ದುಃಖವೇ.

ಎರಡನೆಯದಾಗಿ ಬಂದದ್ದು ಅದಕ್ಕಿಂತ ಕೀಳು. ಕೆಲಸದಿಂದ ನಿವೃತ್ತಿಯಾಗಲು ಇನ್ನು ಉಳಿದಿರುವುದೇ ಸ್ವಲ್ಪ ದಿನ, ಹೇಗೋ ತಳ್ಳಿಬಿಡಲಿ, ಹೊಸ ಕಂಡಕ್ಟರೂ ಒಳ್ಳೆಯವನೇ ಇರಬಹುದು ಎಂದು ನನ್ನ ಮನಸ್ಸು ಹೇಳಿತು. ಈ ಕೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಡ್ರೈವರಣ್ಣ ಎಂದು. ಬೆಳಿಗ್ಗೆ ಖಾಕಿ ಅಂಗಿ ಹಾಕಿ ಬಾಗಿಲು ದಾಟುವಾಗ ಇವರ ಬೆನ್ನು ಎಷ್ಟು ನೆಟ್ಟಗಿರುತ್ತದೆ ಎಂದು ನೀನೂ ನೋಡಿದ್ದೀಯ. ಅದೇ ಅಂಗಿಯನ್ನು ಮೊಳೆಗೆ ನೇತುಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತ ಇವರನ್ನು ನೋಡುವ ಧೈರ್ಯ ನನಗಿಲ್ಲ. ಆ ಕುರ್ಚಿಗೆ ಹೆದರಿ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ರಾತ್ರಿ ಹೇಳೋಣ ಅಂದುಕೊಂಡೆ, ಆಗಲಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಂದುಕೊಂಡೆ, ಇವರು ನಾಳೆಗೆಂದು ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಕಾಗದ ತೆಗೆದು ನಿನಗೆ ಬರೆಯಲು ಕೂತೆ. ನಿನಗೆ ಹೇಳಲೇಬೇಕು, ಏಕೆಂದರೆ ನಿನ್ನ ಸೊಸೆ ಎರಡು ಬಸ್ಸು ಬಿಟ್ಟಾದರೂ ಸರಿ, ನಮ್ಮ ಚಿಕ್ಕಮಾವನ ಬಸ್ಸೇ ಆಗಬೇಕೆಂದು ಕಾದು, ಮಗುವನ್ನು ಎತ್ತಿಕೊಂಡು ಇವರ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ಸೊಸೆಗೇ ಫೋನು ಮಾಡಿ, ನಾಳೆ ಆ ಬಸ್ಸು ಬೇಡ ಎನ್ನಬಹುದಿತ್ತು. ಫೋನನ್ನು ಕೈಗೂ ತೆಗೆದುಕೊಂಡೆ. ಆದರೆ ಹಾಗೆಂದರೆ ಏನರ್ಥ, ಅಕ್ಕ? ನಮ್ಮ ಮಗುವೊಂದನ್ನು ಇಳಿಸಿಕೊಂಡು, ಉಳಿದವರ ಮಕ್ಕಳು ಇದ್ದರೆ ಇರಲಿ ಎಂದೇ? ಫೋನು ಕೆಳಗಿಟ್ಟೆ.

ಇಲ್ಲಿಯವರೆಗೆ ಬರೆದ ಮೇಲೆ ಹೊಳೆಯಿತು. ಇವತ್ತು ಭಾನುವಾರ, ಅಂಚೆ ಡಬ್ಬಿಯನ್ನು ತೆಗೆಯುವುದೇ ನಾಳೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಇವರ ಬಸ್ಸು ಎಷ್ಟು ಸಲ ಊರು ಸುತ್ತಿರುತ್ತದೋ, ಎಷ್ಟು ಸ್ಟಾಪಿನಲ್ಲಿ ಎಷ್ಟು ಮಕ್ಕಳು ಫುಟ್‌ಪಾತ್ ಇಳಿದಿರುತ್ತಾರೋ. ನಿನಗೆ ಬರೆಯುವುದು ಅಂದರೆ ಇವರಿಗೆ ಹೇಳದೆ ಇರಲು ನಾನು ಹುಡುಕಿಕೊಂಡ ನೆಪ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ನಾನು ತಲೆ ಬಗ್ಗಿಸಿಕೊಂಡು ಕಾಗದ ಬರೆಯುತ್ತಿದ್ದೇನೆ.

ಇವರು ಹೊರಗಿನ ಕೋಣೆಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ. ಬ್ರಷ್ಷಿನ ಸದ್ದು ನನ್ನ ಅರ್ಧ ಕಿವಿಗೂ ಕೇಳಿಸುತ್ತಿದೆ. ಪೆನ್ನು ಇಟ್ಟು ಎದ್ದು ಹೋಗುತ್ತೇನೆ. ಆಣೆ ಮುರಿಯುತ್ತೇನೆ, ಕೋಪ ಮಾಡಿಕೊಳ್ಳಬೇಡ. ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಬಿಡಲಿ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ತಪ್ಪಿಸಬೇಡ. ಮಷೀನನ್ನು ಕಿವಿಗೆ ಹಾಕು.

ನಿನ್ನ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಆಗಿರಲಿಲ್ಲ. ಈಗ ಆಯಿತು.

ನಾನು ಹೋಗಿ ಎದುರಿಗೆ ನಿಂತೆ. ಇವರು ಬೂಟಿನಿಂದ ತಲೆಯೆತ್ತದೆ, ಅಕ್ಕನಿಗೆ ಹೇಳಿದ್ದು ಮುಗಿದಿದ್ರೆ ಇನ್ನು ನನಗೂ ಹೇಳು ಅಂದರು. ನೀವು ಜಲಪಾತದ ಹತ್ತಿರ ಹೇಳಿದ್ದೆಲ್ಲ ನನಗೆ ಗೊತ್ತಾಯ್ತು ಅಂದೆ. ಗೊತ್ತಾಗಲಿ ಅಂತಾನೇ ಅಲ್ಲಿಗೆ ಕರ್ಕೊಂಡು ಹೋಗಿದ್ದು ಅಂದರು. ನಮ್ಮ ತುಟಿಯ ವಿದ್ಯೆ ಇವರಿಗೆ ಮೊದಲಿನಿಂದಲೂ ಗೊತ್ತಂತೆ, ಅಕ್ಕ! ಇಬ್ಬರು ಅಕ್ಕತಂಗಿಯರು ಎದುರುಬದುರು ಕೂತು, ಸದ್ದಿಲ್ಲದೆ ಬಾಯಿ ಆಡಿಸುತ್ತಾ ಬಿದ್ದು ಬಿದ್ದು ನಕ್ಕರೆ ಕಣ್ಣಿದ್ದವನಿಗೆ ಗೊತ್ತಾಗಲ್ವಾ ಅಂದರು. ಮತ್ತೆ ಯಾಕ್ರೀ ಮನೆಯಲ್ಲೇ ಹೇಳಲಿಲ್ಲ ಎಂದು ಅಳುತ್ತಾ ಕೇಳಿದೆ. ಮನೆಯಲ್ಲಿ ಹೇಳಿದ್ರೆ ನನ್ನ ಮಾತು ನನಗೇ ಕೇಳಿಸ್ತಿತ್ತು, ಅದನ್ನ ಕೇಳಿಸ್ಕೊಳ್ಳೋ ಧೈರ್ಯ ಇರಲಿಲ್ಲ ಅಂದರು. ಆಮೇಲೆ, ನೀನು ಕೇಳಿಸಲಿಲ್ಲ ಅಂದಾಗ, ನಾನು ಬಸ್ಸಿನ ಕೆಲಸ ಬಿಡೋದು ನಿನಗೂ ಬೇಡವಾಗಿದೆ ಅನ್ಕೊಂಡೆ, ಅದಕ್ಕೇ ಅಂಗಿಗೆ ಇಸ್ತ್ರಿ ಹಾಕಿದೆ ಅಂದರು. ನನ್ನ ಒಂದು ಸುಳ್ಳು ಆ ಬಸ್ಸನ್ನು ನಾಳೆ ರಸ್ತೆಗೆ ಇಳಿಸಿಬಿಡುತ್ತಿತ್ತು.

ನಾಳೆ ಬೆಳಿಗ್ಗೆ ಇಬ್ಬರೂ ಡಿಪೋಗೆ ಹೋಗುತ್ತೇವೆ. ಮ್ಯಾನೇಜರ ಮುಂದೆ ಹೇಳಬೇಕಾದದ್ದನ್ನು ಇವರು ಅಡಿಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಾರೆ. ಸಾರ್, ನನಗೆ ಕಣ್ಣು ಎನ್ನುವವರೆಗೆ ಬರುತ್ತಾರೆ, ಅಲ್ಲಿಗೆ ದನಿ ಒಡೆಯುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ನಾನು ಅವರ ಮುಖ ಕಾಣದ ಹಾಗೆ ಬೆನ್ನು ತಿರುಗಿಸಿ ಕೂತು, ಬರೀ ಕಿವಿಯಿಂದ ಕೇಳಿಸಿಕೊಳ್ಳುತ್ತಿದ್ದೇನೆ.